‘ಗ್ರಾಗಿ’ ಪದವೂ ನಮ್ಮ ಹಬ್ಬದ ಗ್ಲಾಸೂ



ನಿದ್ದೆಗೆಟ್ಟು ತಲೆ ಭಾರವಾದಾಗ, ಜ್ವರ ಬಿಟ್ಟೆದ್ದು ಕಾಲು ತಡವರಿಸಿದಾಗ ಇಂಗ್ಲಿಷ್ ಆಡುಮಾತಿನಲ್ಲಿ ‘ಗ್ರಾಗಿ’ ಎನ್ನುತ್ತಾರೆ. ಈ ಪದದ ಮೂಲ ಇರುವುದು ಹಡಗಿನಲ್ಲಿ, ರಮ್ ಪೀಪಾಯಿಯ ಪಕ್ಕದಲ್ಲಿ.

18ನೇ ಶತಮಾನದಲ್ಲಿ ವೆಸ್ಟ್ ಇಂಡೀಸ್ ಕಡೆಯ ಬ್ರಿಟಿಷ್ ನೌಕಾಪಡೆಯ ನಾವಿಕರಿಗೆ ದಿನಕ್ಕೆ ಅರ್ಧ ಪಿಂಟ್ ರಮ್ ಪಡಿತರವಾಗಿ ಸಿಗುತ್ತಿತ್ತು. ಅದನ್ನು ಒಂದೇ ಸಲ ಕುಡಿದು ಅಮಲೇರುವವರು ಹೆಚ್ಚಾದರು. ಆಗ ಅಡ್ಮಿರಲ್ ಎಡ್ವರ್ಡ್ ವರ್ನನ್, ಒಂದು ಪಾಲು ರಮ್‌ಗೆ ನಾಲ್ಕು ಪಾಲು ನೀರು ಬೆರೆಸಿ ದಿನಕ್ಕೆ ಎರಡು ಸಲ ಹಂಚಬೇಕೆಂದು 1740ರ ಆಗಸ್ಟ್‌ನಲ್ಲಿ ಆಜ್ಞೆ ಹೊರಡಿಸಿದರು. ‘ಗ್ರಾಗ್ರಂ’ ಎಂಬ ಒರಟು ಬಟ್ಟೆಯ ಮೇಲಂಗಿ ತೊಡುತ್ತಿದ್ದುದರಿಂದ ಅವರ ಅಡ್ಡಹೆಸರು ‘ಓಲ್ಡ್ ಗ್ರಾಗ್’. ಹಾಗಾಗಿ ನೀರು ಬೆರೆಸಿದ ರಮ್ ‘ಗ್ರಾಗ್’ ಆಯಿತು, ಅದನ್ನು ಕುಡಿದು ತೂರಾಡುವವನು ‘ಗ್ರಾಗಿ’ ಆದ. ಮುಂದೆ ಮುಂಗಾಲು ಸೋತ ಕುದುರೆಗೂ, ಗುದ್ದು ತಿಂದು ಓಲಾಡುವ ಬಾಕ್ಸರ್‌ಗೂ ಅದೇ ಮಾತು ಬಳಕೆಗೆ ಬಂತು.

ವರ್ನನ್ ಅವರ ಉದ್ದೇಶ ಒಳ್ಳೆಯದೇ. ಆದರೆ ಗಮನಿಸಿ: ತೂರಾಟಕ್ಕೆ ಹೆಸರು ಕೊಟ್ಟಿದ್ದು ನೀರು ಬೆರೆಸದ ರಮ್ ಅಲ್ಲ, ನೀರು ಬೆರೆಸಿದ ಗ್ರಾಗ್! ನೌಕಾಪಡೆ ಆ ಪಡಿತರವನ್ನು ಪೂರ್ತಿಯಾಗಿ ನಿಲ್ಲಿಸಿದ್ದು 1970ರ ಜುಲೈ 31ರಂದು, ಅಂದರೆ 230 ವರ್ಷಗಳ ನಂತರ.

ನಮ್ಮ ರೋಸ್, ಮದುವೆ, ಚರ್ಚಿನ ಹಬ್ಬಗಳಲ್ಲಿ ಕೇಳಿಬರುವ ಮಾತೂ ಇದೇ ಅಲ್ಲವೇ? “ಸ್ವಲ್ಪವೇ ಅಲ್ಲವಾ, ನೀರು ಹಾಕಿ ಕೊಡ್ತೇನೆ.” ಬೇಡವೆಂದವನನ್ನು ಗೆಳೆಯರೇ ಗೇಲಿ ಮಾಡುತ್ತಾರೆ. ಆಮೇಲೆ ಅದೇ ಹುಡುಗ ಬೈಕ್ ಹತ್ತುತ್ತಾನೆ. ಅವನ ತಾಯಿ ಬಾಗಿಲಲ್ಲಿ ಕಾಯುತ್ತಿರುತ್ತಾಳೆ.

ಕಾನಾ ಊರಿನ ಮದುವೆಯಲ್ಲಿ ಪ್ರಭು ಯೇಸು ದ್ರಾಕ್ಷಾರಸ ಕೊಟ್ಟರು ಎಂದು ಕೆಲವರು ನೆನಪಿಸುತ್ತಾರೆ. ನಿಜ. ಆದರೆ ಅವರು ಕೊಟ್ಟದ್ದು ಒಂದು ಮನೆಯ ಮಾನ ಉಳಿಸಲು. ಕುಡುಕನನ್ನು ಹಡಗಿನ ಕೂವೆಮರದ ತುದಿಯಲ್ಲಿ ಮಲಗಿದವನಿಗೆ ಹೋಲಿಸುವ ಜ್ಞಾನೋಕ್ತಿಗಳ 23ನೇ ಅಧ್ಯಾಯವೂ ಅದೇ ಬೈಬಲಿನಲ್ಲಿದೆ.

ಎಷ್ಟು ನೀರು ಬೆರೆಸಬೇಕು ಎಂಬುದು ನಮ್ಮ ಪ್ರಶ್ನೆಯಾಗಬಾರದು. ಬೇಡವೆಂದವನಿಗೆ ಒತ್ತಾಯಿಸುವುದನ್ನು ನಾವು ನಿಲ್ಲಿಸುತ್ತೇವೆಯೇ? ಕುಡಿದವನ ಕೈಯಿಂದ ಬೈಕಿನ ಕೀ ತೆಗೆದು, ನಾವೇ ಅವನನ್ನು ಮನೆಗೆ ತಲುಪಿಸುತ್ತೇವೆಯೇ? ಇವೆರಡಕ್ಕೂ ಹಿರಿಯರ ಆಜ್ಞೆ ಬೇಕಿಲ್ಲ. ಈ ಸಲದ ಹಬ್ಬದಿಂದಲೇ ನಮ್ಮ ಯುವ ಬಳಗ ಶುರುಮಾಡಲಿ. ತಡವರಿಸುವ ಗೆಳೆಯನಿಗೆ ಹೆಗಲು ಕೊಡುವುದೂ ಪ್ರಾರ್ಥನೆಯೇ.