ಒದ್ದೆ ಬೆರಳು, ಕ್ರೀಮಿನ ಡಬ್ಬಿ

ಹೂವಿನಹಡಗಲಿ ತಾಲೂಕಿನ ಮೈಲಾರದಿಂದ ಸೋದರಿಯೊಬ್ಬರು ಬರೆದಿದ್ದಾರೆ: "ಭರತ ಹುಣ್ಣಿಮೆಯ ಜಾತ್ರೆಯಲ್ಲಿ ಕೊಂಡ ಕ್ರೀಮು, ಕಾಡಿಗೆಯನ್ನು ಮನೆಯ ಹೆಂಗಸರೆಲ್ಲ ಬಕ್ರೀದ್‌ವರೆಗೂ ಬಳಸುತ್ತೇವೆ. ಈ ಸಲ ಕ್ರೀಮಿಗೆ ವಾಸನೆ ಬಂದಿದೆ. ತಂಗಿಯ ಕಣ್ಣು ಊದಿ ಕೀವು ಕಟ್ಟಿತ್ತು. ಇನ್ನು ಮುಂದೆ ಕೆಮಿಕಲ್ ಇಲ್ಲದ್ದನ್ನು ಮನೆಯಲ್ಲೇ ಮಾಡಿಟ್ಟುಕೊಳ್ಳೋಣ ಎಂದು ಅತ್ತಿಗೆ ಹೇಳುತ್ತಾರೆ. ಅದು ಸರಿಯೇ?"

ಮನೆಯಲ್ಲಿ ಮಾಡಿಕೊಳ್ಳುವುದು ತಪ್ಪಲ್ಲ. ಮಾಡಿ 'ಇಟ್ಟುಕೊಳ್ಳುವುದರಲ್ಲಿ' ಅಪಾಯವಿದೆ. ಏಕೆಂದು ತಿಳಿಯಲು ಮೈಲಾರದ ಸುತ್ತಲಿನ ಅಡುಗೆಮನೆಗಳೇ ಸಾಕು. ಖಡಕ್ ರೊಟ್ಟಿಯನ್ನು ಗೂಡೆಯಲ್ಲಿ ಜೋಡಿಸಿಟ್ಟರೆ ವಾರಗಟ್ಟಲೆ ಕೆಡುವುದಿಲ್ಲ. ಅದೇ ಹಿಟ್ಟಿನ ಮೆತ್ತನೆಯ ರೊಟ್ಟಿ ಎರಡು ದಿನಕ್ಕೆ ಬೂಸ್ಟು ಹಿಡಿಯುತ್ತದೆ. ಜಾತ್ರೆಯಲ್ಲಿ ಎರಚುವ ಭಂಡಾರ, ಅಂದರೆ ಅರಿಶಿನದ ಪುಡಿ, ಮೂಟೆಯಲ್ಲಿ ಒಣಗಿದ್ದಷ್ಟು ಕಾಲವೂ ಚೆನ್ನಾಗಿರುತ್ತದೆ. ಅದಕ್ಕೆ ನೀರು ಹಾಕಿ ಕಲಸಿಟ್ಟು ನೋಡಿ! ವ್ಯತ್ಯಾಸವೆಲ್ಲ ನೀರಿನದು. ಬ್ಯಾಕ್ಟೀರಿಯಾವಾಗಲಿ ಬೂಸ್ಟಾಗಲಿ ಬೆಳೆಯಬೇಕಾದರೆ ನೀರು ಬೇಕೇ ಬೇಕು.

ನಮ್ಮ ಅಜ್ಜಿಯಂದಿರ ಪ್ರಸಾಧನ ಸಾಮಗ್ರಿಗಳನ್ನು ಒಮ್ಮೆ ನೆನಪಿಸಿಕೊಳ್ಳಿ. ಗೋರಂಟಿ ಎಲೆಯ ಪುಡಿ, ಕಡಲೆ ಹಿಟ್ಟು, ಸೀಗೆಕಾಯಿ, ಕೊಬ್ಬರಿ ಎಣ್ಣೆ, ಅತ್ತರ್. ಒಂದೋ ಒಣ ಪುಡಿ, ಇಲ್ಲವೇ ಎಣ್ಣೆ. ಬೇಕಾದಾಗ ಬೇಕಾದಷ್ಟನ್ನೇ ನೀರಿನಲ್ಲಿ ಕಲಸಿ, ಉಳಿದರೆ ಚೆಲ್ಲಿಬಿಡುತ್ತಿದ್ದರು. ಮೊದಲ ಮಹಾಯುದ್ಧದ ದಿನಗಳಲ್ಲಿ ಗಂಧದ ಮರ ಯುರೋಪಿಗೆ ಹೋಗುವುದು ನಿಂತಾಗ, 1916ರಲ್ಲಿ ಮೈಸೂರಿನಲ್ಲಿ ಗಂಧದೆಣ್ಣೆ ಕಾರ್ಖಾನೆ ಆರಂಭವಾಯಿತು. ಮುಂದೆ ಅದೇ ಎಣ್ಣೆಯಿಂದ ಮೈಸೂರ್ ಸ್ಯಾಂಡಲ್ ಸೋಪು ಬಂತು. ಆ ಎಣ್ಣೆಯಲ್ಲಿ ನೀರಿಲ್ಲ. ಸೋಪಿನಲ್ಲಿ ನೀರು ಕಡಿಮೆ, ಕ್ಷಾರ ಹೆಚ್ಚು. ಹಾಗಾಗಿ ಎರಡೂ ಸುಲಭವಾಗಿ ಕೆಡುವುದಿಲ್ಲ.

ಕ್ರೀಮು, ಲೋಷನ್, ಶಾಂಪೂ, ಗುಲಾಬ್ ಜಲ, ಅಲೋವೆರಾ ಜೆಲ್‌ಗಳ ಕಥೆ ಬೇರೆ. ಇವುಗಳಲ್ಲಿ ದೊಡ್ಡ ಪಾಲು ನೀರೇ. ಜೊತೆಗೆ ಎಣ್ಣೆ, ಗಿಡಮೂಲಿಕೆಯ ರಸ, ಪ್ರೋಟೀನು ಸೇರಿದರೆ ಸೂಕ್ಷ್ಮಜೀವಿಗಳಿಗೆ ಅದು ಊಟ ಬಡಿಸಿಟ್ಟ ದಸ್ತರಖಾನ್. ಆದ್ದರಿಂದಲೇ ಕಾರ್ಖಾನೆಯವರು ಸಂರಕ್ಷಕ ಹಾಕುತ್ತಾರೆ. ಅದು ಕೆಲಸ ಮಾಡುತ್ತದೆಯೇ ಎಂದು ಪರೀಕ್ಷಿಸುವ ಕ್ರಮ ಸ್ವಾರಸ್ಯಕರವಾದುದು. ಕ್ರೀಮಿನೊಳಗೆ ಬೇಕೆಂದೇ ಕೀವು ತರುವ ಸ್ಟ್ಯಾಫಿಲೊಕಾಕಸ್, ಸೂಡೊಮೊನಾಸ್, ಮಲದಲ್ಲಿರುವ ಇ. ಕೋಲಿ, ಕ್ಯಾಂಡಿಡಾ ಎಂಬ ಯೀಸ್ಟ್ ಮತ್ತು ಒಂದು ಕಪ್ಪು ಬೂಸ್ಟನ್ನು ಲಕ್ಷಗಟ್ಟಲೆ ಸಂಖ್ಯೆಯಲ್ಲಿ ಬೆರೆಸುತ್ತಾರೆ. ಅನಂತರ 28 ದಿನಗಳ ಕಾಲ ಆಗಾಗ ಎಣಿಸುತ್ತಾರೆ. ಅವು ಸಾಕಷ್ಟು ಬೇಗ ಸಾಯದಿದ್ದರೆ ಆ ಕ್ರೀಮು ಅನುತ್ತೀರ್ಣ. ಮನೆಯ ಮಿಕ್ಸಿಯಲ್ಲಿ ಅರೆದ ಅಲೋವೆರಾಕ್ಕೆ ಇಂಥ ಪರೀಕ್ಷೆ ಎಲ್ಲಿಂದ ಬರಬೇಕು?

"ವಿಟಮಿನ್ ಇ ಕ್ಯಾಪ್ಸೂಲ್ ಒಡೆದು ಹಾಕಿದರೆ ಆರು ತಿಂಗಳು ಕೆಡದು" ಎಂಬ ಸಲಹೆ ಮೊಬೈಲಿನಲ್ಲಿ ಹರಿದಾಡುತ್ತಿರುತ್ತದೆ. ಅದನ್ನು ನಂಬಬೇಡಿ. ವಿಟಮಿನ್ ಇ ಎಣ್ಣೆ ಕಮಟುವುದನ್ನು ತಡೆಯುತ್ತದೆ, ಅಷ್ಟೇ. ಬ್ಯಾಕ್ಟೀರಿಯಾವನ್ನು ಅದು ಕೊಲ್ಲುವುದಿಲ್ಲ. ನಾಲ್ಕು ಹನಿ ನಿಂಬೆರಸ, ಒಂದು ಹಿಡಿ ಬೇವಿನೆಲೆಯನ್ನೂ ಈ ವಿಷಯದಲ್ಲಿ ನೆಚ್ಚಿಕೊಳ್ಳುವಂತಿಲ್ಲ. ಫ್ರಿಜ್‌ನಲ್ಲಿಟ್ಟರೆ ಬೆಳವಣಿಗೆ ನಿಧಾನವಾದೀತೇ ಹೊರತು ನಿಲ್ಲುವುದಿಲ್ಲ. ಬೇಸಿಗೆಯಲ್ಲಿ 40 ಡಿಗ್ರಿ ಮುಟ್ಟುವ ನಿಮ್ಮ ಕಡೆ, ಕರೆಂಟು ಹೋದರೆ ಆ ನಿಧಾನವೂ ಇಲ್ಲ.

ಹಾಗಾದರೆ ಪ್ಯಾರಾಬೆನ್ ಕ್ಯಾನ್ಸರ್ ತರುತ್ತದೆ ಎನ್ನುತ್ತಾರಲ್ಲ? ಈ ಹೆದರಿಕೆಯಲ್ಲಿ ಸತ್ಯಕ್ಕಿಂತ ಗಲಾಟೆ ಹೆಚ್ಚು. ಪ್ಯಾರಾಬೆನ್ ಒಂದಲ್ಲ, ಒಂದು ಕುಟುಂಬ. ಸುರಕ್ಷತೆಗೆ ಸಾಕಷ್ಟು ಆಧಾರವಿಲ್ಲದ ಐದು ಪ್ಯಾರಾಬೆನ್‌ಗಳನ್ನು ಯುರೋಪ್ ಒಕ್ಕೂಟ 2014ರಲ್ಲಿ ನಿಷೇಧಿಸಿತು. ಹೆಚ್ಚು ಬಳಕೆಯಲ್ಲಿರುವ ಮಿಥೈಲ್ ಮತ್ತು ಇಥೈಲ್ ಪ್ಯಾರಾಬೆನ್‌ಗಳಿಗೆ ಅಲ್ಲಿ ಇಂದಿಗೂ ಶೇ. 0.4ರವರೆಗೆ ಅನುಮತಿಯಿದೆ. ಹೆದರಿಕೆಯ ಫಲವೇನಾಯಿತು ಗೊತ್ತೇ? ಪ್ಯಾರಾಬೆನ್ ಬಿಟ್ಟ ಕಂಪೆನಿಗಳಲ್ಲಿ ಹಲವು ಮಿಥೈಲ್ ಐಸೋಥಯಾಜೋಲಿನೋನ್ ಎಂಬುದನ್ನು ಹಾಕತೊಡಗಿದವು. ಅದರಿಂದ ಚರ್ಮದ ಅಲರ್ಜಿ ಎಷ್ಟು ಹರಡಿತೆಂದರೆ, ತೊಳೆಯದೆ ಹಾಗೇ ಬಿಡುವ ಕ್ರೀಮುಗಳಲ್ಲಿ ಅದನ್ನು ಬಳಸದಂತೆ ಯುರೋಪ್ 2017ರಲ್ಲಿ ತಡೆಯಬೇಕಾಯಿತು. ಯಾವುದಾದರೂ ಕ್ರೀಮು ನಿಮಗೆ ತುರಿಕೆ ತಂದರೆ ಅದನ್ನು ಬಿಡಿ, ಅದರ ಮೇಲಿನ ಹೆಸರುಗಳನ್ನು ಚರ್ಮ ವೈದ್ಯರಿಗೆ ತೋರಿಸಿ. ಆದರೆ ಸಂರಕ್ಷಕವೇ ಇಲ್ಲದ ನೀರಿನ ಕ್ರೀಮು ಹೆಚ್ಚು ಸುರಕ್ಷಿತವೆಂದು ತಿಳಿಯಬೇಡಿ.

ಲೇಬಲ್‌ನಲ್ಲಿ 'ಆಲ್ಕೋಹಾಲ್' ಎಂಬ ಪದ ಕಂಡೊಡನೆ ಡಬ್ಬಿಯನ್ನು ಕೆಳಗಿಡುವ ಸೋದರಿಯರೂ ಇದ್ದಾರೆ. ಸೀಟೈಲ್ ಆಲ್ಕೋಹಾಲ್ ಎಂಬುದು ಮೇಣದಂಥ ಗಟ್ಟಿ ಪದಾರ್ಥ, ಕ್ರೀಮನ್ನು ಮಂದಗೊಳಿಸಲು ಹಾಕುವುದು. ಬೆಂಝೈಲ್ ಆಲ್ಕೋಹಾಲ್ ಒಂದು ಸಂರಕ್ಷಕ. ಇವೆರಡೂ ಮದ್ಯದಲ್ಲಿರುವ ಎಥೆನಾಲ್ ಅಲ್ಲ. ಎಥೆನಾಲ್ ಇರುವುದನ್ನು ಬಳಸಬಹುದೇ ಎಂಬ ಪ್ರಶ್ನೆಯನ್ನು ಉಲೆಮಾಗಳಲ್ಲಿ ಕೇಳಿ ತಿಳಿಯಿರಿ.

ಸಂರಕ್ಷಕವಿದ್ದರೂ ಅದಕ್ಕೊಂದು ಮಿತಿಯಿದೆ. ದಿನಕ್ಕೆ ನಾಲ್ಕು ಮಂದಿ ಒದ್ದೆ ಬೆರಳು ಅದ್ದಿದರೆ ಅದು ಎಷ್ಟೆಂದು ಹೋರಾಡೀತು? ಉಪ್ಪಿನಕಾಯಿ ಜಾಡಿಗೆ ಹಸಿ ಚಮಚ ಹಾಕಿದ ಸೊಸೆಗೆ ಗದರುವ ಅತ್ತೆಯೇ, ವುಝೂ ಮಾಡಿದ ಹಸಿ ಕೈಯನ್ನು ನೇರವಾಗಿ ಕ್ರೀಮಿನ ಡಬ್ಬಿಗೆ ಹಾಕುವುದುಂಟು! ಬ್ರಿಟನ್ನಿನ ಬರ್ಮಿಂಗ್‌ಹ್ಯಾಮ್‌ನಲ್ಲಿರುವ ಆಸ್ಟನ್ ವಿಶ್ವವಿದ್ಯಾಲಯದ ಡಾ. ಅಮ್ರೀನ್ ಬಶೀರ್ ಮತ್ತು ಪ್ರೊ. ಪೀಟರ್ ಲ್ಯಾಂಬರ್ಟ್ ಜನರು ಬಳಸುತ್ತಿದ್ದ 467 ಸಾಮಗ್ರಿಗಳನ್ನು ಪರೀಕ್ಷಿಸಿ 2019ರಲ್ಲಿ ವರದಿ ಪ್ರಕಟಿಸಿದರು. ಲಿಪ್‌ಸ್ಟಿಕ್, ಐಲೈನರ್, ಮಸ್ಕಾರಾಗಳಲ್ಲಿ ಹೆಚ್ಚಿನವು ಬ್ಯಾಕ್ಟೀರಿಯಾದಿಂದ ಕಲುಷಿತವಾಗಿದ್ದವು. ಎಲ್ಲಕ್ಕಿಂತ ಕೊಳಕಾಗಿದ್ದುದು ಫೌಂಡೇಶನ್ ಹಚ್ಚುವ ಸ್ಪಂಜು. ಶೇ. 93 ಸ್ಪಂಜುಗಳು ಒಮ್ಮೆಯೂ ತೊಳೆದವಲ್ಲ. ಶೇ. 64 ಸ್ಪಂಜುಗಳು ನೆಲಕ್ಕೆ ಬಿದ್ದಿದ್ದರೂ ಬಳಕೆಯಲ್ಲಿದ್ದವು. ಮದುವೆ ಮನೆಯಲ್ಲಿ ಮದುಮಗಳಿಂದ ಹಿಡಿದು ನಾದಿನಿಯರ ತನಕ ಒಂದೇ ಸ್ಪಂಜು ಓಡಾಡುವುದನ್ನು ನೆನೆದರೆ, ನಮ್ಮಲ್ಲಿಯೂ ಒಮ್ಮೆ ಎಣಿಸಿ ನೋಡಬೇಕೆನಿಸುತ್ತದೆ.

ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದುದು ಕಣ್ಣಿನ ಬಗ್ಗೆ. 1970ರ ದಶಕದಲ್ಲಿ ಅಮೆರಿಕದ ಅಟ್ಲಾಂಟಾದಲ್ಲಿರುವ ಎಮೋರಿ ವಿಶ್ವವಿದ್ಯಾಲಯದ ನೇತ್ರ ತಜ್ಞ ಡಾ. ಲೂಯಿಸ್ ವಿಲ್ಸನ್ ಮತ್ತು ಸಂಗಡಿಗರು ಕಾರ್ನಿಯಾ ಹುಣ್ಣಾದ ಮಹಿಳೆಯರ ಮಸ್ಕಾರಾವನ್ನು ಪರೀಕ್ಷಿಸಿ, ಅದರಲ್ಲಿ ಸೂಡೊಮೊನಾಸ್ ಇರುವುದನ್ನು ಕಂಡುಹಿಡಿದರು. ಈ ಬ್ಯಾಕ್ಟೀರಿಯಾ ಆರೋಗ್ಯವಂತ ಕಣ್ಣನ್ನು ಸುಲಭವಾಗಿ ಹೊಗದು. ಆದರೆ ಕಡ್ಡಿ ತಗುಲಿ ಒಂದು ಸಣ್ಣ ಗೀರಾದರೂ ಸಾಕು, ದೃಷ್ಟಿಗೇ ಕುತ್ತು ಬರಬಹುದು. ನಮ್ಮ ಮನೆಗಳಲ್ಲಿ ಹಬ್ಬದ ಬೆಳಿಗ್ಗೆ ಒಂದೇ ಸುರ್ಮಾ ಕಡ್ಡಿ ತಾತನಿಂದ ಮೊಮ್ಮಗನವರೆಗೆ ಸಾಗುತ್ತದೆ. ಒಬ್ಬರಿಗೆ ಕಣ್ಣು ಬಂದಿದ್ದರೆ ಸಾಕು, ಎಲ್ಲರಿಗೂ ಹಂಚಿದಂತಾಯಿತು. ಒಬ್ಬೊಬ್ಬರಿಗೆ ಒಂದೊಂದು ಕಡ್ಡಿ ಇರಲಿ. (ಕೆಲವು ಸುರ್ಮಾ ಸೀಸದ ಅದಿರಿನದೇ ಪುಡಿ. ಅದರ ಅಪಾಯ ಬೇರೆಯೇ. ಎಳೆ ಮಕ್ಕಳಿಗಂತೂ ಹಚ್ಚಲೇಬೇಡಿ.) ಒಣಗಿದ ಐಲೈನರ್‌ಗೆ ನೀರು ಹನಿಸುವುದು, ಕಾಡಿಗೆಗೆ ಎಂಜಲು ತಾಗಿಸುವುದು ಕೂಡದು. ನೀರು ಬೆರೆತಷ್ಟೂ ಸಂರಕ್ಷಕ ತೆಳುವಾಗುತ್ತದೆ. ಶಾಂಪೂ ಬಾಟಲಿಯ ತಳಕ್ಕೆ ನೀರು ಸುರಿದು ಕುಲುಕಿದರೆ ಅದನ್ನು ಅಂದೇ ಮುಗಿಸಿಬಿಡಿ.

ಜಾತ್ರೆಯಲ್ಲಿ ಕೊಳ್ಳುವುದನ್ನು ಬಿಡಬೇಕಾಗಿಲ್ಲ. ಬಳೆ, ರಿಬ್ಬನ್ ಧಾರಾಳ ಕೊಳ್ಳಿ. ಕ್ರೀಮು, ಕಾಡಿಗೆಯಾದರೆ ತಿರುಗಿಸಿ ಓದಿ. ತಯಾರಕರ ವಿಳಾಸ, ಬ್ಯಾಚ್ ಸಂಖ್ಯೆ, ಲೈಸೆನ್ಸ್ ಸಂಖ್ಯೆ, ಯಾವಾಗಿನವರೆಗೆ ಬಳಸಬಹುದೆಂಬ ತಿಂಗಳು ಮತ್ತು ವರ್ಷ ಇರಬೇಕು. 1940ರ ಔಷಧ ಮತ್ತು ಸೌಂದರ್ಯವರ್ಧಕ ಕಾಯ್ದೆಯಡಿ 2020ರಲ್ಲಿ ಬಂದ ನಿಯಮಗಳು ಇದನ್ನು ಕೇಳುತ್ತವೆ. ದೊಡ್ಡ ಡಬ್ಬದಿಂದ ಪುಟ್ಟ ಡಬ್ಬಿಗೆ ತುಂಬಿ ಕೊಡುವ ಕ್ರೀಮು ಬೇಡ. ಬಿಸಿಲಿಗಿಟ್ಟು ಮಾರುವುದೂ ಬೇಡ. ಅಗಲ ಬಾಯಿಯ ಡಬ್ಬಿಗಿಂತ ಟ್ಯೂಬು ಮೇಲು, ಬೆರಳು ಒಳಗೆ ಹೋಗುವುದಿಲ್ಲ. ಕೆಲವು ಡಬ್ಬಿಗಳ ಮೇಲೆ ತೆರೆದ ಮುಚ್ಚಳದ ಪುಟ್ಟ ಚಿತ್ರದಲ್ಲಿ '6 ಎಂ', '12 ಎಂ' ಎಂದಿರುತ್ತದೆ. ತೆರೆದ ಮೇಲೆ ಅಷ್ಟು ತಿಂಗಳು ಬಳಸಬಹುದೆಂದು ಅದರರ್ಥ. ತೆರೆದ ದಿನವನ್ನು ಪೆನ್ನಿನಲ್ಲಿ ಡಬ್ಬಿಯ ಮೇಲೆಯೇ ಬರೆದಿಡಿ.

ಅತ್ತಿಗೆಯವರ ಪ್ಯಾಕ್‌ಗೂ ದಾರಿಯಿದೆ. ಕಡಲೆ ಹಿಟ್ಟು, ಅರಿಶಿನ, ಮುಲ್ತಾನಿ ಮಿಟ್ಟಿಯನ್ನು ಒಣಗಿದ ಗಾಜಿನ ಭರಣಿಯಲ್ಲಿ ಪುಡಿಯಾಗಿಯೇ ಇಡಲಿ. ಹಚ್ಚುವ ಹೊತ್ತಿಗೆ ಒಣ ಚಮಚದಿಂದ ತೆಗೆದು, ಬಟ್ಟಲಲ್ಲಿ ಕಲಸಿ, ಉಳಿದದ್ದನ್ನು ಚೆಲ್ಲಲಿ. ಗೋರಂಟಿಯನ್ನೂ ಹಾಗೆಯೇ.

ಬಣ್ಣ ಬದಲಾದ, ನೀರು ಬಿಟ್ಟ, ಹುಳಿ ವಾಸನೆಯ ಕ್ರೀಮನ್ನು "ದುಡ್ಡು ಕೊಟ್ಟಿದ್ದು" ಎಂದು ಹಿಮ್ಮಡಿಗೂ ಹಚ್ಚಬೇಡಿ, ಬಿರುಕಿನಿಂದ ಒಳಗಿಳಿಯುತ್ತದೆ. ವಾಸನೆ ಬಾರದಿದ್ದರೆ ಚೆನ್ನಾಗಿದೆ ಎಂದೂ ಅಲ್ಲ, ಸುಗಂಧ ಎಷ್ಟನ್ನೋ ಮುಚ್ಚಿಡುತ್ತದೆ. ಕಣ್ಣು ಕೆಂಪಾಗಿ ನೋವು, ಕೀವು, ಮಸುಕು ಕಂಡರೆ ಮೆಡಿಕಲ್ ಅಂಗಡಿಯಿಂದ ಯಾವುದೋ ಡ್ರಾಪ್ಸ್ ತಂದು ಬಿಡಬೇಡಿ. ಸ್ಟೀರಾಯ್ಡ್ ಇರುವ ಹನಿಗಳು ಇಂಥ ಸೋಂಕನ್ನು ಹೆಚ್ಚಿಸಬಲ್ಲವು. ಅಂದೇ ಕಣ್ಣಿನ ವೈದ್ಯರಲ್ಲಿಗೆ ಹೋಗಿ. ಹೋಗುವಾಗ ಆ ಕಾಡಿಗೆ ಡಬ್ಬಿಯನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಕೊಂಡು ಹೋಗಿ, ವೈದ್ಯರು ಅಗತ್ಯವೆನಿಸಿದರೆ ಲ್ಯಾಬಿಗೆ ಕಳುಹಿಸಿಯಾರು.