ಇಲ್ಲದ ನಿಯಮಕ್ಕೆ ಅಂಕ ಕಳೆಯಬೇಡಿ

‘ಟು ಗೋ’, ‘ಟು ಅಂಡರ್‌ಸ್ಟ್ಯಾಂಡ್’ ಎಂಬಂಥ ಇಂಗ್ಲಿಷ್ ರೂಪಗಳಲ್ಲಿ ‘ಟು’ಗೂ ಕ್ರಿಯಾಪದಕ್ಕೂ ನಡುವೆ ಇನ್ನೊಂದು ಪದ ನುಸುಳಬಾರದು ಎಂಬ ಕಟ್ಟಳೆಯನ್ನು ಇಂದಿಗೂ ಹೇಳಿಕೊಡುವವರಿದ್ದಾರೆ. ವಿದ್ಯಾರ್ಥಿಯೊಬ್ಬ ‘ಟು ರಿಯಲಿ ಅಂಡರ್‌ಸ್ಟ್ಯಾಂಡ್’ ಎಂದು ಬರೆದರೆ ಅಲ್ಲಿ ಕೆಂಪು ಶಾಯಿ ಬೀಳುತ್ತದೆ. ಕಚೇರಿಯ ಪತ್ರದಲ್ಲಿ ಬರೆದರೆ ಮೇಲಧಿಕಾರಿ ಅದನ್ನು ತಿದ್ದುತ್ತಾರೆ. ‘ಸ್ಪ್ಲಿಟ್ ಇನ್ಫಿನಿಟಿವ್’ ಎಂದು ಕರೆಯಲಾಗುವ ಈ ರಚನೆ ತಪ್ಪೇ ಅಲ್ಲ. ಎಷ್ಟೋ ವಾಕ್ಯಗಳಲ್ಲಿ ಅರ್ಥವನ್ನು ನೇರವಾಗಿ ತಲುಪಿಸುವ ದಾರಿ ಅದೊಂದೇ. ಅದನ್ನು ತಪ್ಪೆಂದು ತಿದ್ದುವುದರಿಂದ ಮಕ್ಕಳ ಇಂಗ್ಲಿಷ್ ಸುಧಾರಿಸುವುದಿಲ್ಲ, ಬರೆಯುವ ಅಳುಕು ಮಾತ್ರ ಹೆಚ್ಚುತ್ತದೆ.

ಈ ಕಟ್ಟಳೆಯ ಚರಿತ್ರೆ ನೋಡಿದರೆ ಅದರ ಬುಡ ಎಷ್ಟು ಸಡಿಲವೆಂದು ತಿಳಿಯುತ್ತದೆ. ‘ಟು’ವನ್ನೂ ಕ್ರಿಯಾಪದವನ್ನೂ ಬಿಡಿಸಿ ಬರೆದ ವಾಕ್ಯಗಳು 13 ಮತ್ತು 14ನೇ ಶತಮಾನದ ಇಂಗ್ಲಿಷ್ ಬರಹಗಳಲ್ಲೇ ಸಿಗುತ್ತವೆ. ಆಮೇಲೆ ಕೆಲಕಾಲ ಅವು ವಿರಳವಾದವು. ಶೇಕ್ಸ್‌ಪಿಯರ್‌ನಲ್ಲಿ ಹುಡುಕಿದರೂ ಸಿಗುವುದು ಕಷ್ಟ. 18ನೇ ಶತಮಾನದ ಕೊನೆಯ ಹೊತ್ತಿಗೆ ಬಳಕೆ ಮತ್ತೆ ಚಿಗುರಿತು. ಇಂಗ್ಲಿಷ್ ವ್ಯಾಕರಣಕ್ಕೆ ಹಲವು ಕಟ್ಟುಪಾಡು ಹಾಕಿದವರೆಂದು ಹೆಸರಾದ ಬಿಷಪ್ ರಾಬರ್ಟ್ ಲೌತ್ ಕೂಡ 1762ರ ತಮ್ಮ ವ್ಯಾಕರಣದಲ್ಲಿ ಇದನ್ನು ನಿಷೇಧಿಸಿರಲಿಲ್ಲ. ಆಕ್ಷೇಪ ಜೋರಾಗಿ ಕೇಳಿದ್ದು 19ನೇ ಶತಮಾನದಲ್ಲಿ. ಕ್ಯಾಂಟರ್ಬರಿಯ ಡೀನ್ ಹೆನ್ರಿ ಆಲ್ಫರ್ಡ್ 1864ರ ತಮ್ಮ ಪುಸ್ತಕದಲ್ಲಿ ಇದಕ್ಕೆ ಅಸಮ್ಮತಿ ಸೂಚಿಸಿದರು; ‘ಟು’ ಮತ್ತು ಕ್ರಿಯಾಪದವನ್ನು ಬೇರ್ಪಡಿಸುವುದು ರೂಢಿಯಲ್ಲಿಲ್ಲ ಎಂಬುದು ಅವರು ಕೊಟ್ಟ ಕಾರಣ. ಲ್ಯಾಟಿನ್ ಭಾಷೆಯಲ್ಲಿ ಈ ರೂಪ ಒಂದೇ ಪದವಾದ್ದರಿಂದ ಇಂಗ್ಲಿಷಿನಲ್ಲೂ ಒಡೆಯಬಾರದು ಎಂಬ ವಾದವನ್ನು ಮುಂದೆ ಇದಕ್ಕೆ ಅಂಟಿಸಲಾಯಿತು. ಆ ವಾದವೂ ನಿಲ್ಲುವುದಿಲ್ಲ. ‘ಐ ಕ್ಯಾನ್ ಗೋ’, ‘ಲೆಟ್ ಹಿಮ್ ಗೋ’ ಎಂಬಲ್ಲಿ ‘ಟು’ ಇಲ್ಲದೆಯೇ ಕ್ರಿಯಾಪದ ತನ್ನ ಕೆಲಸ ಮಾಡುತ್ತದೆ. ‘ಟು’ ಕ್ರಿಯಾಪದದ ಅವಿಭಾಜ್ಯ ಅಂಗವಲ್ಲ ಎಂದು ಡೆನ್ಮಾರ್ಕಿನ ಹೆಸರಾಂತ ಭಾಷಾವಿಜ್ಞಾನಿ ಓಟೊ ಯೆಸ್ಪರ್ಸನ್ ಹೇಳಿದ್ದು ಈ ಕಾರಣಕ್ಕೇ. ಅಂಗವೇ ಅಲ್ಲದ ಮೇಲೆ ಒಡೆಯಿತೆಂಬ ದೂರಿಗೆ ಅರ್ಥವಿಲ್ಲ.

ಚರಿತ್ರೆಗಿಂತ ದೊಡ್ಡ ಸಾಕ್ಷಿ ದಿನಬಳಕೆಯ ವಾಕ್ಯಗಳಲ್ಲಿದೆ. ‘ಹಿ ಫೇಲ್ಡ್ ಟು ಕಂಪ್ಲೀಟ್ಲಿ ಅಂಡರ್‌ಸ್ಟ್ಯಾಂಡ್’ ಎಂದರೆ ಅವನಿಗೆ ಪೂರ್ತಿ ಅರ್ಥವಾಗಲಿಲ್ಲ, ಅಷ್ಟಿಷ್ಟು ಆಗಿರಬಹುದು. ಕಟ್ಟಳೆಗೆ ಅಂಜಿ ‘ಹಿ ಫೇಲ್ಡ್ ಕಂಪ್ಲೀಟ್ಲಿ ಟು ಅಂಡರ್‌ಸ್ಟ್ಯಾಂಡ್’ ಎಂದು ಬದಲಿಸಿದರೆ ಅವನಿಗೆ ಏನೇನೂ ಅರ್ಥವಾಗಲಿಲ್ಲ ಎಂದಾಗುತ್ತದೆ. ‘ದೆ ಅಗ್ರೀಡ್ ಸೀಕ್ರೆಟ್ಲಿ ಟು ಪೇ’ ಎಂದಾಗ ಗುಟ್ಟಾಗಿ ನಡೆದದ್ದು ಒಪ್ಪಂದವೋ ಹಣ ಪಾವತಿಯೋ ಎಂದು ಓದುಗ ತಡವರಿಸುತ್ತಾನೆ. ‘ಟು ಸೀಕ್ರೆಟ್ಲಿ ಪೇ’ ಎಂದೊಡನೆ ಅನುಮಾನ ಕಳೆಯುತ್ತದೆ. ಇನ್ನು ‘ವಿ ಎಕ್ಸ್‌ಪೆಕ್ಟ್ ಸೇಲ್ಸ್ ಟು ಮೋರ್ ದ್ಯಾನ್ ಡಬಲ್’ ಎಂಬ ವಾಕ್ಯದಲ್ಲಿ ‘ಮೋರ್ ದ್ಯಾನ್’ ಅನ್ನು ಎಲ್ಲಿಗೆ ಎತ್ತಿಟ್ಟರೂ ವಾಕ್ಯವೇ ಕುಸಿಯುತ್ತದೆ. ಕನ್ನಡಿಗರಿಗೆ ಈ ಸೂಕ್ಷ್ಮ ಹೊಸದೇನಲ್ಲ. ‘ಗುಟ್ಟಾಗಿ ಹಣ ಕೊಡಲು ಒಪ್ಪಿದರು’ ಎಂಬ ನಮ್ಮದೇ ವಾಕ್ಯದಲ್ಲಿ ಎರಡು ಅರ್ಥಕ್ಕೆ ಎಡೆಯಿದೆ. ‘ಹಣ ಕೊಡಲು ಗುಟ್ಟಾಗಿ ಒಪ್ಪಿದರು’ ಎಂದರೆ ಒಂದೇ. ಕ್ರಿಯಾವಿಶೇಷಣ ತಾನು ಬಣ್ಣಿಸುವ ಕ್ರಿಯೆಯ ಪಕ್ಕದಲ್ಲಿದ್ದರೆ ಗೊಂದಲ ಕಡಿಮೆ ಎಂಬ ವಿವೇಕವನ್ನು ನಾವು ಮಾತಾಡುತ್ತಲೇ ಕಲಿತಿದ್ದೇವೆ. ಇಂಗ್ಲಿಷ್ ತರಗತಿಗೆ ಬಂದಾಗ ಆ ವಿವೇಕವನ್ನು ಬಿಟ್ಟುಕೊಡಿ ಎಂದು ಮಕ್ಕಳಿಗೆ ಏಕೆ ಹೇಳಬೇಕು?

ನಿಯಮಗಳನ್ನು ಹೀಗೆ ಕೈಬಿಡುತ್ತ ಹೋದರೆ ಭಾಷೆಗೆ ಶಿಸ್ತೇ ಉಳಿಯುವುದಿಲ್ಲ ಎಂಬ ಆತಂಕ ಹಲವರದು. ಅದು ಪ್ರಾಮಾಣಿಕವಾದ ಆತಂಕವೇ. ಆದರೆ ‘ಹಿ ಗೋ’ ಎಂಬುದು ತಪ್ಪಾಗಿರುವುದು ಇಂಗ್ಲಿಷ್ ತಾಯ್ನುಡಿಯವರ ಶಿಷ್ಟ ಬರಹದಲ್ಲಿ ಅದು ಬಳಕೆಯಲ್ಲಿಲ್ಲ ಎಂಬ ಕಾರಣಕ್ಕೆ. ‘ಟು’ ನಂತರದ ಕ್ರಿಯಾವಿಶೇಷಣವನ್ನು ಒಳ್ಳೆಯ ಲೇಖಕರು ತಲೆಮಾರುಗಳಿಂದ ಬಳಸುತ್ತ ಬಂದಿದ್ದಾರೆ, ಜಾರ್ಜ್ ಬರ್ನಾರ್ಡ್ ಶಾ ಪತ್ರಿಕೆಗೆ ಪತ್ರ ಬರೆದು ಅದರ ಪರ ವಾದಿಸಿದ್ದಾರೆ. ಶಿಸ್ತಿಗೆ ಹೆಸರಾದ ಎಚ್. ಡಬ್ಲ್ಯು. ಫೌಲರ್ ಕೂಡ 1926ರ ತಮ್ಮ ಬಳಕೆ ಕೋಶದಲ್ಲಿ, ಅರ್ಥ ಗೊಂದಲವಾಗುವುದಕ್ಕಿಂತ, ವಾಕ್ಯ ಕೃತಕವಾಗುವುದಕ್ಕಿಂತ ಒಡೆದು ಬರೆಯುವುದೇ ಮೇಲು ಎಂದಿದ್ದರು. ಇನ್ನೊಂದು ಆಕ್ಷೇಪ ವ್ಯಾವಹಾರಿಕವಾದದ್ದು: ಪರೀಕ್ಷಕರು, ಉದ್ಯೋಗದಾತರು ತಪ್ಪೆಂದು ತಿಳಿಯುವ ತನಕ ಮಕ್ಕಳು ಎಚ್ಚರದಿಂದಿರುವುದೇ ಕ್ಷೇಮವಲ್ಲವೇ? ಆ ಎಚ್ಚರವನ್ನು ಮಕ್ಕಳ ತಲೆಗೆ ಕಟ್ಟುವ ಬದಲು ಪರೀಕ್ಷಕರೇ ತಿಳಿವಳಿಕೆ ತಿದ್ದಿಕೊಳ್ಳುವುದು ನ್ಯಾಯ. ಬಹುಕಾಲ ಈ ರಚನೆಯನ್ನು ದೂರವಿಟ್ಟಿದ್ದ ‘ದಿ ಎಕನಾಮಿಸ್ಟ್’ ವಾರಪತ್ರಿಕೆಯೇ 2018ರಲ್ಲಿ ತನ್ನ ಶೈಲಿ ಕೈಪಿಡಿಯನ್ನು ಸಡಿಲಿಸಿತು. ಒಡೆದು ಬರೆದದ್ದೆಲ್ಲ ಚೆಂದವೆಂದು ನಾನು ವಾದಿಸುತ್ತಿಲ್ಲ. ‘ಟು ವಿದೌಟ್ ಎನಿ ಫರ್ದರ್ ಡಿಲೇ ಸೆಂಡ್’ ಎಂಬುದು ಕಿವಿಗೆ ಒರಟು. ನಡುವೆ ಉದ್ದದ ಪದಪುಂಜ ತುರುಕಿದ್ದೇ ಅದಕ್ಕೆ ಕಾರಣವೆಂದು ವಿದ್ಯಾರ್ಥಿಗೆ ವಿವರಿಸಬೇಕು.

ತಪ್ಪು ಕಟ್ಟಳೆಯ ಹೆದರಿಕೆ ಎಷ್ಟು ದೂರ ಹಬ್ಬಬಲ್ಲದು ಎಂಬುದಕ್ಕೆ 2009ರ ಜನವರಿ 20ರ ಘಟನೆಯನ್ನು ನೆನೆಯಬಹುದು. ಬರಾಕ್ ಒಬಾಮ ಅವರಿಗೆ ಪ್ರಮಾಣವಚನ ಬೋಧಿಸಿದ ಅಮೆರಿಕದ ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್, ಸಂವಿಧಾನದ ಪಠ್ಯದಲ್ಲಿ ‘ವಿಲ್’ ಮತ್ತು ‘ಎಕ್ಸಿಕ್ಯೂಟ್’ ನಡುವೆ ಇರುವ ‘ಫೇತ್‌ಫುಲ್ಲಿ’ಯನ್ನು ವಾಕ್ಯದ ತುದಿಗೆ ಒಯ್ದರು. ಸಂಶಯಕ್ಕೆ ಎಡೆಯಿರಬಾರದೆಂದು ಮರುದಿನ ಶ್ವೇತಭವನದಲ್ಲಿ ಪ್ರಮಾಣವಚನ ಮತ್ತೊಮ್ಮೆ ನಡೆಯಿತು. ಕ್ರಿಯಾಪದವನ್ನು ಒಡೆಯಬಾರದೆಂಬ ಹಳೆಯ ಪಾಠವೇ ಈ ಎಡವಟ್ಟಿಗೆ ಕಾರಣವಿರಬೇಕೆಂದು ಮನೋವಿಜ್ಞಾನಿ ಸ್ಟೀವನ್ ಪಿಂಕರ್ ಆಗ ಬರೆದರು. ಅದು ಅವರ ಊಹೆ, ಆದರೂ ಅಸಂಭವವೆನ್ನಲಾಗದು. ಇಂಗ್ಲಿಷನ್ನು ಎರಡನೆಯ ಭಾಷೆಯಾಗಿ, ಬಹಳ ಮಟ್ಟಿಗೆ ಪುಸ್ತಕದಿಂದಲೇ ಕಲಿಯುವ ನಮ್ಮ ಮಕ್ಕಳ ಮೇಲೆ ಇಂಥ ಹೆದರಿಕೆಯ ಭಾರ ಇನ್ನೂ ಹೆಚ್ಚು. ಇಂಗ್ಲಿಷ್ ಅಧ್ಯಾಪಕರಲ್ಲಿ ನನ್ನ ವಿನಂತಿ ಇಷ್ಟೇ: ‘ಟು’ ಮುಂದೆ ಕ್ರಿಯಾವಿಶೇಷಣ ಕಂಡಾಗ ಅಂಕ ಕಳೆಯುವ ಮೊದಲು ವಾಕ್ಯದ ಅರ್ಥ ತಿಳಿಯಾಗಿದೆಯೇ ಎಂದು ನೋಡಿ. ತಿಳಿಯಾಗಿದ್ದರೆ ಪೂರ್ತಿ ಅಂಕ ಕೊಡಿ.