ಇಂಗ್ಲಿಷ್ ಕಲಿಕೆ: ‘ಡೂ’ ಎಲ್ಲಿ, ‘ಆರ್’ ಎಲ್ಲಿ?

‘ವಾಟ್ ಡೂ ಯು ಡೂ?’ ಎಂಬುದು ವೃತ್ತಿಯನ್ನು ಕುರಿತ ಪ್ರಶ್ನೆ. ‘ವಾಟ್ ಆರ್ ಯು ಡೂಯಿಂಗ್?’ ಎಂಬುದು ಈ ಕ್ಷಣದ ಕೆಲಸವನ್ನು ಕುರಿತದ್ದು. ಧ್ವನಿ ತುಸು ಗಡುಸಾದರೆ ಗದರಿಕೆಯೂ ಆದೀತು. ರೂಢಿಗೂ ಸ್ಥಿರವಾದ ಸಂಗತಿಗೂ ಮೊದಲನೆಯ ರೂಪ. ನಡೆಯುತ್ತಿರುವುದಕ್ಕೂ ತಾತ್ಕಾಲಿಕವಾದುದಕ್ಕೂ ಎರಡನೆಯದು.

ಕನ್ನಡಿಗರಿಗೆ ಇಲ್ಲಿ ತೊಡಕಾಗುವುದು ತಾಯ್ನುಡಿಯ ಅಭ್ಯಾಸದಿಂದ. ‘ಎಲ್ಲಿ ಕೆಲಸ ಮಾಡುತ್ತಿದ್ದೀರಿ?’ ಎಂಬ ಮಾತು ಕನ್ನಡದಲ್ಲಿ ಖಾಯಂ ನೌಕರಿಗೂ ಸಲ್ಲುತ್ತದೆ. ಆದರೆ ‘ವೇರ್ ಡೂ ಯು ವರ್ಕ್?’ ಎಂದು ಆಂಗ್ಲರು ಸಂದರ್ಶನದಲ್ಲಿ ಕೇಳಿದಾಗ ‘ಐ ಆಮ್ ವರ್ಕಿಂಗ್ ಇನ್ ಎ ಬ್ಯಾಂಕ್’ ಎಂದುತ್ತರಿಸಿದರೆ, ಆ ಕೆಲಸ ಸದ್ಯದ ಮಟ್ಟಿಗಷ್ಟೆ ಎಂದು ಅವರು ಭಾವಿಸಬಹುದು. ವೈದ್ಯರು ‘ಡೂ ಯು ಸ್ಮೋಕ್?’ ಎಂದರೆ ಅದು ಚಟವನ್ನು ಕುರಿತದ್ದು. ಕೈಯಲ್ಲಿ ಸಿಗರೇಟಿಲ್ಲವೆಂದು ‘ನೋ’ ಎಂದವನ ಚಿಕಿತ್ಸೆಯೇ ದಾರಿ ತಪ್ಪೀತು.

‘ಅರ್ಥವಾಗುತ್ತಿದೆಯೇ?’ ಎಂಬುದರ ನೆರಳಿನಲ್ಲಿ ‘ಆರ್ ಯು ಅಂಡರ್‌ಸ್ಟ್ಯಾಂಡಿಂಗ್?’ ಎನ್ನುವುದು ಶಿಷ್ಟ ಇಂಗ್ಲಿಷಿಗೆ ಒಗ್ಗದು. ‘ಡೂ ಯು ಅಂಡರ್‌ಸ್ಟ್ಯಾಂಡ್?’ ಎನ್ನಬೇಕು. ನೋ, ವಾಂಟ್, ಬಿಲಾಂಗ್ ಮೊದಲಾದ ಕ್ರಿಯಾಪದಗಳಿಗೂ ಸಾಮಾನ್ಯವಾಗಿ ಇದೇ ನಿಯಮ.

ಮನೆಗೆ ಬಂದ ಅತಿಥಿಗೆ ‘ಕಾಫಿ ಕುಡಿಯುತ್ತೀರಾ?’ ಎನ್ನುವುದು ಉಪಚಾರ. ‘ಡೂ ಯು ಡ್ರಿಂಕ್ ಕಾಫಿ?’ ಎಂದರೆ ಅದು ಅಭ್ಯಾಸದ ವಿಚಾರಣೆ! ಉಪಚಾರಕ್ಕೆ ‘ವುಡ್ ಯು ಲೈಕ್ ಸಮ್ ಕಾಫಿ?’ ಎಂಬುದೇ ಸೊಗಸು.

ಸಂದೇಹ ಬಂದಾಗ ಪ್ರಶ್ನೆಗೆ ‘ದಿನವೂ’ ಎಂಬ ಮಾತನ್ನೊಮ್ಮೆ, ‘ಈಗ’ ಎಂಬುದನ್ನೊಮ್ಮೆ ಸೇರಿಸಿ ನೋಡಬೇಕು. ಮೊದಲನೆಯದು ಹೊಂದಿದರೆ ‘ಡೂ’. ಎರಡನೆಯದು ಹೊಂದಿದರೆ ಬಹುಮಟ್ಟಿಗೆ ‘ಆರ್’. ಹಾಗಾದರೆ, ತೊಟ್ಟಿಲಲ್ಲಿ ಮಗು ಅಳುತ್ತಿರುವಾಗ ತಂದೆ ಕೇಳಬೇಕಾದುದು ‘ವೈ ಡಸ್ ದಿ ಬೇಬಿ ಕ್ರೈ?’ ಎಂದೋ, ‘ವೈ ಈಸ್ ದಿ ಬೇಬಿ ಕ್ರೈಯಿಂಗ್?’ ಎಂದೋ? ಓದುಗರೇ ನಿರ್ಧರಿಸಲಿ.